ಸಾಲಿನಿಂದ ಬಿಡಿಸಿದಿರಿ, ಈಗ ಕೆಲಸಕ್ಕೂ ಕರೆಯಿರಿ

ರಾಜ್ಯದ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಯವರಿಗೆ ಮತ್ತು ಮುಜರಾಯಿ ಇಲಾಖೆಯವರಿಗೆ,

ನಮಸ್ಕಾರ.

2023ರಲ್ಲಿ ಇಲಾಖೆ ಒಂದು ಆದೇಶ ಹೊರಡಿಸಿತು. 65 ದಾಟಿದವರು ದೇವಸ್ಥಾನದಲ್ಲಿ ಸಾಲು ನಿಲ್ಲಬೇಕಾಗಿಲ್ಲ, ವಯಸ್ಸಿನ ದಾಖಲೆ ತೋರಿಸಿ ನೇರವಾಗಿ ದರ್ಶನಕ್ಕೆ ಹೋಗಬಹುದು ಅಂತ. ಒಳ್ಳೆಯ ಕೆಲಸ. ಮಂಡಿ ನೋವು ಇದ್ದವರಿಗೆ ಅದರ ಬೆಲೆ ಗೊತ್ತು. ನನಗೂ 65 ದಾಟಿದೆ, ನಾನೂ ಆ ಅನುಕೂಲ ಪಡೆದಿದ್ದೇನೆ. ಆದ್ದರಿಂದ ಮೊದಲು ಥ್ಯಾಂಕ್ಸ್ ಹೇಳಿ ಮುಂದಿನ ಮಾತಿಗೆ ಬರುತ್ತೇನೆ.

ಈ ಅನುಕೂಲದಲ್ಲಿ ಒಂದು ತಮಾಷೆ ಇದೆ. ನಮ್ಮನ್ನು ಬೇಗ ಒಳಗೆ ಬಿಡುತ್ತೀರಿ, ಅಷ್ಟೇ ಬೇಗ ಹೊರಗೂ ಕಳಿಸುತ್ತೀರಿ. ಮಂಗಳಾರತಿ, ತೀರ್ಥ, ಕೈಗೊಂದು ಹೂವು, ಮುಗೀತು. ಮತ್ತೆ ಮನೆ. ಮನೆಯಲ್ಲಿ ಟಿವಿ. ನಿವೃತ್ತಿ ಆದವರಿಗೆ ಸಮಯ ಉಳಿಸಿಕೊಟ್ಟು ಏನು ಮಾಡುವುದು ಹೇಳಿ? ನಮ್ಮ ಹತ್ತಿರ ಇರುವುದೇ ಅದು. ಕಾಲು ಉಳಿಸಿದಿರಿ, ಅದಕ್ಕೆ ಋಣಿ. ಆದರೆ ನಾವು ದೇವಸ್ಥಾನಕ್ಕೆ ಬರುವುದು ಬರೀ ದರ್ಶನಕ್ಕೆ ಅಂತ ನೀವು ತಿಳಿದುಕೊಂಡಿದ್ದರೆ, ಅದನ್ನೊಂದಿಷ್ಟು ತಿದ್ದಬೇಕು ಅಂತ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಇರುವುದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಪೇಟೆಯಲ್ಲಿ. ನಾನು ಹೋಗುವ ದೇವಸ್ಥಾನದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಅರ್ಚಕರ ಮುಖ ನೋಡುವುದು ಕಷ್ಟ. ಅಲ್ಲದೆ ಇದು ಒಂದೇ ಊರಿನ ಮಾತೂ ಅಲ್ಲ.

ದೇವಸ್ಥಾನಕ್ಕೆ ಹೋಗುವ ಕಾರಣ ವಯಸ್ಸಿನ ಜೊತೆ ಬದಲಾಗುತ್ತದೆ. ಚಿಕ್ಕವಳಿದ್ದಾಗ ನಾನು ಹೋಗುತ್ತಿದ್ದದ್ದು ಕೋಸಂಬರಿಗೆ. ಸುಳ್ಳು ಯಾಕೆ ಹೇಳಲಿ. ಎಸ್‌ಎಸ್‌ಎಲ್‌ಸಿ ಬಂದಾಗ ಗಣಪತಿಗೆ ಪ್ರದಕ್ಷಿಣೆ ಶುರುವಾಯಿತು. ಆಮೇಲೆ ಕೆಲಸ, ಮದುವೆ, ವರ್ಗಾವಣೆ, ಮಕ್ಕಳ ಜ್ವರ, ಮಗನ ಸಿಇಟಿ ರ‍್ಯಾಂಕು. ಎಲ್ಲಕ್ಕೂ ಒಂದೊಂದು ಹರಕೆ. ದೇವರ ಮುಂದೆ ಕಣ್ಣು ಮುಚ್ಚಿದರೆ ಸಾಕು, ಬೇಡಿಕೆಯ ಪಟ್ಟಿ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಕೇಳಲು ಏನೂ ತೋಚುವುದಿಲ್ಲ. ಮಕ್ಕಳು ಅವರವರ ಊರಿನಲ್ಲಿ ನೆಲೆ ನಿಂತಿದ್ದಾರೆ. ಆರೋಗ್ಯ ಕೊಡಪ್ಪಾ ಅಂತ ಕೇಳಬಹುದು. ಆದರೆ ಈ ವಯಸ್ಸಿನಲ್ಲಿ ಅದು ಎಷ್ಟು ಸಿಗುತ್ತದೆ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ನಮ್ಮ ಯಜಮಾನರು ಹೋದ ಮೇಲೆ ಸುಮಾರು ದಿನ ನಾನು ದೇವಸ್ಥಾನದ ಕಡೆ ತಲೆ ಹಾಕಲಿಲ್ಲ. ದುಃಖಕ್ಕಿಂತ ಸಿಟ್ಟು ಜಾಸ್ತಿ ಇತ್ತು. ಮತ್ತೆ ಹೋದದ್ದು ಭಕ್ತಿ ಉಕ್ಕಿ ಬಂದು ಅಲ್ಲ. ಪಕ್ಕದ ಬೀದಿಯ ಗೆಳತಿ ಶುಕ್ರವಾರದ ಭಜನೆಗೆ ಎಳೆದುಕೊಂಡು ಹೋದಳು. ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೇ ಒಬ್ಬಂಟಿಗಳು. ಯಾರೂ ಸಮಾಧಾನದ ಮಾತು ಆಡಲಿಲ್ಲ. ಹಣೆಬರಹ ಅನ್ನಲಿಲ್ಲ. ಒಬ್ಬರು ತಮ್ಮ ಕೈಯಲ್ಲಿದ್ದ ತಾಳ ನನಗೆ ಕೊಟ್ಟು, ‘ನಂಗೆ ಭುಜ ನೋವು, ನೀವು ಹಾಕಿ’ ಅಂದರು. ಆವತ್ತು ನನಗೆ ಬೇಕಾಗಿದ್ದದ್ದು ಅದೇ ಅಂತ ಆಮೇಲೆ ತಿಳಿಯಿತು. ಸಮಾಧಾನ ಹೇಳುವವರು ಮನೆಗೇ ಬಂದು ಹೇಳಿ ಹೋಗಿದ್ದರು. ಕೆಲಸ ಕೊಟ್ಟವರು ಇವರೊಬ್ಬರೇ.

ಈಗ ದೇವರನ್ನು ನಂಬುತ್ತೀರಾ ಅಂದರೆ ನಂಬುತ್ತೇನೆ. ಮೂವತ್ತರಲ್ಲಿ ನಂಬಿದ ಹಾಗೆ ಅಲ್ಲ. ಆಗ ಅವನು ಕೊಡುವವನು, ನಾನು ಬೇಡುವವಳು. ಈಗ ಇಬ್ಬರ ಮಧ್ಯೆ ಅಂಥ ವ್ಯವಹಾರ ಏನಿಲ್ಲ. ಅವನ ಅಂಗಳದಲ್ಲಿ ನಾಲ್ಕು ಜನ ಸಿಗುತ್ತಾರೆ. ನಾನು ಬರದಿದ್ದರೆ ‘ಯಾಕೆ ಬರಲಿಲ್ಲ’ ಅಂತ ಕೇಳುತ್ತಾರೆ. ನಮ್ಮ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳುವವರು ಇರುವುದೇ ದೊಡ್ಡದು. ಇದನ್ನು ಭಕ್ತಿ ಅನ್ನುತ್ತೀರೋ, ಬೇಸರ ಕಳೆಯುವುದು ಅನ್ನುತ್ತೀರೋ, ನಿಮಗೆ ಬಿಟ್ಟದ್ದು. ನನಗಂತೂ ಎರಡರ ಮಧ್ಯೆ ಗೆರೆ ಕಾಣುವುದಿಲ್ಲ.

ಆ ಅಂಗಳ ಒಮ್ಮೆ ತಪ್ಪಿಹೋಗಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ದೇವಸ್ಥಾನಗಳು ಮುಚ್ಚಿದವು. ಜೂನ್ 8ರಿಂದ ತೆರೆಯಬಹುದು ಅಂತ ಆಯಿತು. ಆದರೆ 65 ದಾಟಿದವರು ಮನೆಯಲ್ಲೇ ಇರುವುದು ಒಳ್ಳೆಯದು ಅಂತ ನಿಯಮದಲ್ಲೇ ಬರೆದಿದ್ದರು. ಆಗ ಅದು ಬೇಕಾಗಿತ್ತು, ನಾನು ತಕರಾರು ಮಾಡುವುದಿಲ್ಲ. ಆದರೆ ಆಮೇಲೆ ಏನಾಯಿತು ನೋಡಿ. ರೋಗ ಹೋಯಿತು, ಮನೆಯಲ್ಲಿ ಕೂತವರು ಕೂತೇ ಉಳಿದರು. ಭಜನೆಗೆ ಬರುತ್ತಿದ್ದ ಎಷ್ಟೋ ಜನ ಆಮೇಲೆ ಬರಲೇ ಇಲ್ಲ. ಕೆಲವರು ತೀರಿಕೊಂಡರು. ಉಳಿದವರಿಗೆ ರೂಢಿ ತಪ್ಪಿತು. ಮಕ್ಕಳು ಮೊಬೈಲಿನಲ್ಲಿ ನೇರ ದರ್ಶನ ಹಾಕಿಕೊಟ್ಟರು. ಮೊಬೈಲಿನಲ್ಲಿ ದೇವರು ಚೆನ್ನಾಗಿಯೇ ಕಾಣುತ್ತಾನೆ, ಗರ್ಭಗುಡಿಯಲ್ಲಿ ಕಾಣುವುದಕ್ಕಿಂತ ಹತ್ತಿರದಿಂದ. ಪಕ್ಕದಲ್ಲಿ ಕೂರುವವರು ಮಾತ್ರ ಅದರಲ್ಲಿ ಇರುವುದಿಲ್ಲ. ಬರದೇ ಹೋದವರನ್ನು ಮತ್ತೆ ಕರೆಯಲು ಯಾವುದಾದರೂ ಸಮಿತಿ ಮನೆ ಮನೆಗೆ ಹೋಯಿತಾ? ಜೀರ್ಣೋದ್ಧಾರದ ದೇಣಿಗೆಗೆ ಮಾತ್ರ ಬಂದಿದ್ದರು, ರಸೀದಿ ಪುಸ್ತಕ ಹಿಡಿದುಕೊಂಡು.

ಈಗ ಸ್ವಲ್ಪ ಲೆಕ್ಕ ನೋಡೋಣ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಜನ ಇದ್ದರು. ನೂರಕ್ಕೆ ಒಂಬತ್ತೂವರೆಯಷ್ಟು. ಆಮೇಲೆ ಸಂಖ್ಯೆ ಏರಿಯೇ ಇದೆ. ಮುಜರಾಯಿಗೆ ಸೇರಿದ ದೇವಸ್ಥಾನಗಳು ಸುಮಾರು 34 ಸಾವಿರ. ಇವುಗಳಲ್ಲಿ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇರುವ ‘ಎ’ ದರ್ಜೆಯವು ಇನ್ನೂರರ ಆಸುಪಾಸು. ಸಾಲು ಅಂತ ಇರುವುದು ಹೆಚ್ಚಾಗಿ ಅಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ವಯಸ್ಸಿನ ಹೆಂಗಸರು ಗುಂಪು ಕಟ್ಟಿಕೊಂಡು ಬಸ್ಸು ಹತ್ತಿದರು. ದೊಡ್ಡ ಕ್ಷೇತ್ರಗಳಲ್ಲಿ ಸಾಲು ಇನ್ನೂ ಉದ್ದ ಆಯಿತು. ಅಲ್ಲಿಗೆ ನಿಮ್ಮ ಆದೇಶ ಸರಿಯಾದ ಮದ್ದು.

ಉಳಿದ ಮೂವತ್ತು ಸಾವಿರ ಚಿಲ್ಲರೆ ದೇವಸ್ಥಾನಗಳ ಗತಿ? ಅಲ್ಲಿ ಸಾಲೇ ಇಲ್ಲವಲ್ಲ. ಪೂಜೆಗೆ ಅಂತ ಸರ್ಕಾರ ಕೊಡುವ ತಸ್ತೀಕಿನ ದುಡ್ಡಿನಲ್ಲಿ ಹೇಗೋ ದೀಪ ಉರಿಯುತ್ತದೆ. ಅರ್ಚಕರು ಬೆಳಿಗ್ಗೆ ಬಂದು ಪೂಜೆ ಮುಗಿಸಿ, ಬೀಗ ಹಾಕಿ, ಇನ್ನೊಂದು ಕಡೆ ಹೋಗುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ, ಅವರ ಹೊಟ್ಟೆಪಾಡೂ ನಡೆಯಬೇಕು. ಸಂಜೆ ಆ ಕಲ್ಲುಕಟ್ಟೆಯ ಮೇಲೆ ನಾಯಿ ಮಲಗಿರುತ್ತದೆ. ಅದೇ ಊರಿನ ಹತ್ತಿಪ್ಪತ್ತು ಮನೆಗಳಲ್ಲಿ ಒಬ್ಬೊಬ್ಬ ಅಜ್ಜ, ಒಬ್ಬೊಬ್ಬ ಅಜ್ಜಿ, ಮಾತಾಡಲು ಯಾರೂ ಇಲ್ಲದೆ ಕೂತಿರುತ್ತಾರೆ. ಒಂದು ಕಡೆ ಜನ ಇಲ್ಲದ ಜಾಗ, ಇನ್ನೊಂದು ಕಡೆ ಜಾಗ ಇಲ್ಲದ ಜನ. ಇವೆರಡನ್ನು ಸೇರಿಸಲು ಬಜೆಟ್ ಬೇಕಾ?

ದೇವಸ್ಥಾನ ಅಂದರೆ ಪೂಜೆ, ಪೂಜೆ ಮುಗಿದರೆ ಬೀಗ ಅನ್ನುವುದು ನಮ್ಮ ಹಳೆಯ ಪದ್ಧತಿ ಅಂತೂ ಅಲ್ಲ. ನಮ್ಮ ಜಿಲ್ಲೆಯಲ್ಲೇ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಸ್ಥಾನ ಇದೆ. ಅಲ್ಲಿದ್ದ ಕೋಡಿಯ ಮಠದ ಬಗ್ಗೆ 1162ರ ಒಂದು ಶಾಸನ ಇದೆ. ವೇದ, ವ್ಯಾಕರಣ ಓದುವ ಜಾಗ ಅಂತ ಮಾತ್ರ ಅದು ಹೇಳುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಊಟ ಇತ್ತು. ರೋಗಿಗಳಿಗೆ ಔಷಧ ಇತ್ತು. ಹಾಡುವವರಿಗೂ ಕುಣಿಯುವವರಿಗೂ ಅನ್ನ ಇತ್ತು. ಎಲ್ಲ ಜೀವಿಗಳಿಗೂ ಅಭಯದ ಜಾಗ ಅಂತ ಕಲ್ಲಿನಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಾನು ಇದನ್ನು ಹೇಳುತ್ತಿದ್ದೆ. ಅವರು ಬಸ್ಸಿಗೆ ಓಡುವ ಅವಸರದಲ್ಲಿ ಇರುತ್ತಿದ್ದರು, ಅದು ಬೇರೆ ಮಾತು. ಇಷ್ಟೆಲ್ಲ ಅಲ್ಲಿ ನಡೆದಿತ್ತು ಅಂದರೆ, ಮಾಡುವ ಕೈಗಳೂ ಸಾಕಷ್ಟು ಇದ್ದಿರಲೇಬೇಕು.

ಈಗಲೂ ಅಂಥದ್ದು ಇಲ್ಲದೆ ಇಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ನಾವು ಕೆಲವು ನಿವೃತ್ತ ಶಿಕ್ಷಕಿಯರು ಹೋಗಿದ್ದೆವು. ಅಲ್ಲಿ ಲಂಗರಿನ ಊಟ, ಅಂದರೆ ಬಂದವರಿಗೆಲ್ಲ ಉಚಿತವಾಗಿ ಬಡಿಸುವ ಊಟ. ನನ್ನ ಗಮನ ಹೋದದ್ದು ಊಟದ ಮೇಲಲ್ಲ, ಅಡುಗೆಮನೆಯ ಹೊರಗೆ ಕೂತಿದ್ದ ಮುದುಕಿಯರ ಮೇಲೆ. ನಿಲ್ಲಲು ಆಗದವರು ನೆಲದ ಮೇಲೆ ಕೂತು ರೊಟ್ಟಿ ಲಟ್ಟಿಸುತ್ತಿದ್ದರು. ಅದೂ ಆಗದವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಬ್ಬ ಅಜ್ಜ ಬಾಗಿಲಲ್ಲಿ ಚಪ್ಪಲಿ ಇಸಿದುಕೊಂಡು ಟೋಕನ್ ಕೊಡುತ್ತಿದ್ದ. ಅವನ ಬೆನ್ನು ಬಾಗಿತ್ತು, ಗತ್ತು ಮಾತ್ರ ಬಾಗಿರಲಿಲ್ಲ. ‘ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ’ ಅಂತ ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಆಗುವಷ್ಟು ಕೆಲಸ ಯಾವುದು ಅಂತ ನೋಡಿ ಕೊಟ್ಟಿದ್ದರು. ಪಂಢರಪುರದ ವಾರಿಗೆ, ಅಂದರೆ ವಿಠ್ಠಲನ ಪಾದಯಾತ್ರೆಗೆ ಹೋಗುವ ನಮ್ಮ ಬೆಳಗಾವಿ, ವಿಜಯಪುರ ಕಡೆಯ ಹಿರಿಯರಲ್ಲೂ ಇದೇ ಗತ್ತು ಇರುತ್ತದೆ. ಹಾಡುತ್ತಾ ನಡೆಯುವ ಆ ದಿಂಡಿಯ ಗುಂಪಿನಲ್ಲಿ ಯಾರೂ ಯಾರಿಗೂ ಹೊರೆ ಅಲ್ಲ.

ನಮ್ಮ ಕಡೆ ಹೇಗೆ ಅಂದರೆ, ನಾನು ಒಂದು ದೇವಸ್ಥಾನದಲ್ಲಿ ಅನ್ನಸಂತರ್ಪಣೆಯ ದಿನ ತರಕಾರಿ ಹೆಚ್ಚಲು ಹೋಗಿದ್ದೆ. ‘ಅಯ್ಯೋ ಟೀಚರಮ್ಮ, ನಿಮಗ್ಯಾಕೆ ತೊಂದರೆ, ಕೂತ್ಕೊಳ್ಳಿ’ ಅಂದರು. ಪ್ರೀತಿಯಿಂದಲೇ ಅಂದದ್ದು. ಕುರ್ಚಿ ತಂದು ಹಾಕಿದರು. ಕಾಫಿ ಕೊಟ್ಟರು. ಎರಡು ಗಂಟೆ ನಾನು ಆ ಕುರ್ಚಿಯಲ್ಲಿ ಕೂತು ಬೇರೆಯವರು ಬೀನ್ಸ್ ಹೆಚ್ಚುವುದನ್ನು ನೋಡಿದೆ. ಅದೂ ತುಂಬಾ ದಪ್ಪ ದಪ್ಪ ಹೆಚ್ಚುತ್ತಿದ್ದರು! ನಮ್ಮಲ್ಲಿ ಹಿರಿಯರನ್ನು ಮೂಲೆಗೆ ಹಾಕುವುದು ಬೈದು ಅಲ್ಲ, ಗೌರವ ಕೊಟ್ಟು. ಅದಕ್ಕೇ ಯಾರಿಗೂ ದೂರು ಕೊಡಲು ಆಗುವುದಿಲ್ಲ.

ನಾವು ಏನು ಮಾಡಬಲ್ಲೆವು ಅಂತ ನೀವು ಕೇಳಬಹುದು. ಹೂ ಕಟ್ಟುವುದು, ಬತ್ತಿ ಹೊಸೆಯುವುದು ಹೇಗೂ ಇದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಬ್ಯಾಂಕಿನಲ್ಲಿ, ಖಜಾನೆಯಲ್ಲಿ, ಸ್ಕೂಲಿನಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರು ನಿಮ್ಮ ಊರಿನಲ್ಲಿ ಇದ್ದಾರೆ. ದೇವಸ್ಥಾನದ ಲೆಕ್ಕ ಬರೆಯಲು ಜನ ಸಿಗುವುದಿಲ್ಲ ಅನ್ನುತ್ತೀರಿ. ಇವರನ್ನು ಕೇಳಿದ್ದೀರಾ? ದೇವಸ್ಥಾನದ ಜಗಲಿಯಲ್ಲಿ ಸಂಜೆ ಒಂದು ಗಂಟೆ ಮಕ್ಕಳಿಗೆ ಕನ್ನಡ ಓದಿಸಿ ಅನ್ನಿ, ನಾನು ನಾಳೆಯೇ ಬರುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಒಂದು ಹೊತ್ತು ಕೂತು ಬರುವ ಕೆಲಸಕ್ಕೆ ನಮ್ಮಷ್ಟು ಯೋಗ್ಯರು ಯಾರೂ ಇಲ್ಲ. ನಮಗೆ ಅವಸರ ಇಲ್ಲ, ಆಸ್ಪತ್ರೆಯ ಭಯವೂ ಕಳೆದಿದೆ. ಸಾವಿನ ಮನೆಯಲ್ಲಿ ಏನು ಮಾಡಬೇಕು ಅಂತ ಈಗಿನವರಿಗೆ ಗೊತ್ತಿಲ್ಲ. ಯಾರಿಗೆ ಮೊದಲು ಹೇಳಿ ಕಳಿಸಬೇಕು, ಬಂದವರನ್ನು ಎಲ್ಲಿ ಕೂರಿಸಬೇಕು, ಅತ್ತವರಿಗೆ ಯಾವಾಗ ನೀರು ಕೊಡಬೇಕು ಅನ್ನುವುದು ಪುಸ್ತಕದಲ್ಲಿ ಇಲ್ಲ. ನಮಗೆ ಗೊತ್ತು.

ಇನ್ನೊಂದು ಕೆಲಸ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಜಾತ್ರೆಯಲ್ಲಿ ಯಾವ ಮನೆಯವರು ಏನು ತರಬೇಕು, ತೇರಿನ ಹಗ್ಗ ಯಾರು ಹೊಸೆಯುತ್ತಿದ್ದರು, ಪಲ್ಲಕ್ಕಿ ಯಾವ ಕೇರಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತು, ಯಾವ ಕೇರಿಗೆ ಹೋಗುತ್ತಲೇ ಇರಲಿಲ್ಲ, ಯಾಕೆ ಹೋಗುತ್ತಿರಲಿಲ್ಲ. ಇದೆಲ್ಲ ಮುದುಕರ ತಲೆಯಲ್ಲಿ ಮಾತ್ರ ಇದೆ. ಅವರು ಹೋದರೆ ಅದೂ ಹೋಗುತ್ತದೆ. ಒಬ್ಬ ಹುಡುಗ, ಒಂದು ಮೊಬೈಲ್, ಒಬ್ಬ ಅಜ್ಜ. ಕೂರಿಸಿ ರೆಕಾರ್ಡ್ ಮಾಡಿಸಿ. ಕೊನೆಯ ಎರಡು ಪ್ರಶ್ನೆಗೆ ಉತ್ತರ ಮುಜುಗರ ತರುತ್ತದೆ. ತರಲಿ. ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುವುದೂ ಊರ ಹಿರಿಯರ ಕೆಲಸವೇ.

ಮುಜುಗರದ ಮಾತು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ದೇವಸ್ಥಾನಕ್ಕೆ ಬರುವ ಹಿರಿಯ ಹೆಂಗಸರಲ್ಲಿ ಬಹಳ ಜನ ಗಂಡನನ್ನು ಕಳೆದುಕೊಂಡವರು. ಮಕ್ಕಳನ್ನು ಬೆಳೆಸಿ, ಅತ್ತೆ ಮಾವನನ್ನು ನೋಡಿಕೊಂಡು, ಕಡೆಗೆ ಸ್ವಲ್ಪ ಬಿಡುವು ಸಿಕ್ಕಿತು ಅನ್ನುವಾಗ ಈ ಗತಿ ಬರುತ್ತದೆ. ಆಗಲೇ ನೀವು ಅವರನ್ನು ಪೂರ್ಣಕುಂಭಕ್ಕೆ ಬೇಡ, ಆರತಿಗೆ ಬೇಡ, ಬಾಗಿನಕ್ಕೆ ಬೇಡ ಅಂತ ಹಿಂದೆ ನಿಲ್ಲಿಸುತ್ತೀರಿ. ಬಾಯಿಬಿಟ್ಟು ಹೇಳುವುದಿಲ್ಲ. ಕುಂಕುಮದ ಬಟ್ಟಲು ನಮ್ಮನ್ನು ದಾಟಿ ಪಕ್ಕದವರಿಗೆ ಹೋಗುತ್ತದೆ, ಅಷ್ಟೇ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಜಾಗ ಅದು. ಆ ಇಬ್ಬರು ಹೆಂಗಸರೇ ಗರ್ಭಗುಡಿಗೆ ಹೋಗಿ ಮಂಗಳಾರತಿ ಎತ್ತಿದರು. ಆಕಾಶ ಏನೂ ಕಳಚಿ ಬೀಳಲಿಲ್ಲ. ನಾನು ಅರ್ಚಕಳಾಗಬೇಕು ಅಂತ ಕೇಳುತ್ತಿಲ್ಲ. ಬಟ್ಟಲು ದಾಟಿಸಬೇಡಿ ಅಂತ ಕೇಳುತ್ತಿದ್ದೇನೆ. ಬೇಕಾದವರು ಹಚ್ಚಿಕೊಳ್ಳುತ್ತಾರೆ, ಬೇಡದವರು ಬೇಡ ಅನ್ನುತ್ತಾರೆ.

ಈಗ ನಮ್ಮವರ ಕಡೆಗೇ ತಿರುಗುತ್ತೇನೆ. ಹಿರಿಯರಿಗೆ ದೇವಸ್ಥಾನದಲ್ಲಿ ಸ್ಥಾನ ಇಲ್ಲ ಅಂತ ನಾನು ಬರೆದರೆ ಯಾರಾದರೂ ನಕ್ಕಾರು. ಎಷ್ಟೋ ಕಡೆ ಅಧ್ಯಕ್ಷರಿಗೆ ಎಪ್ಪತ್ತೈದು, ಕಾರ್ಯದರ್ಶಿಗೆ ಎಪ್ಪತ್ತೆರಡು. ನಿಜ. ಅದೇ ನಾಲ್ಕೈದು ಜನ ಹಿರಿಯರು ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಇದ್ದಾರೆ. ಉಳಿದ ಹಿರಿಯರು ಕಂಬಕ್ಕೆ ಒರಗಿ ಕೂತಿದ್ದಾರೆ. ಮುಜರಾಯಿ ಕಾಯ್ದೆ 1997ರದ್ದು. ಅದರ ಪ್ರಕಾರ ಸಮಿತಿಗೆ ಒಂಬತ್ತು ಜನ. ಅವರಲ್ಲಿ ಇಬ್ಬರು ಮಹಿಳೆಯರು ಇರಬೇಕು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು. ಅವಧಿ ಮೂರು ವರ್ಷ. ಕಾಯ್ದೆಯ ಮಟ್ಟಿಗೆ ಸರಿಯಾಗಿಯೇ ಇದೆ. ಆದರೆ ಮೂರು ವರ್ಷ ಆದ ಮೇಲೆ ಅವರೇ ಮತ್ತೆ, ಇಲ್ಲವೇ ಅವರ ತಮ್ಮ, ಇಲ್ಲವೇ ಅವರ ಮಗ. ಮಹಿಳಾ ಸದಸ್ಯೆ ಅಂದರೆ ಅವರ ಮನೆಯವರೇ, ಸಹಿ ಹಾಕಲು. ಇಡೀ ಊರಿಗೆ ಗೊತ್ತಿರುವ ಗುಟ್ಟು ಇದು.

ಬಿಟ್ಟುಕೊಡುವುದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಉಡುಪಿಯ ಪರ್ಯಾಯ ನೋಡಿ. ಎಂಟು ಮಠಗಳು, ಎರಡೆರಡು ವರ್ಷ ಕೃಷ್ಣನ ಪೂಜೆ. ಮೊದಲು ಎರಡೆರಡು ತಿಂಗಳು ಇದ್ದದ್ದನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಈ ವರ್ಷ, 2026ರ ಜನವರಿ 18ಕ್ಕೆ ಪುತ್ತಿಗೆ ಮಠದವರ ಅವಧಿ ಮುಗಿದು ಶೀರೂರು ಮಠದವರ ಸರದಿ ಬಂತು. ನನಗೆ ಇದರಲ್ಲಿ ಇಷ್ಟ ಆಗುವುದು ಮೆರವಣಿಗೆ ಅಲ್ಲ. ಬರುವವರು ಒಂದು ವರ್ಷಕ್ಕೂ ಮೊದಲೇ ತಯಾರಿ ಶುರು ಮಾಡುತ್ತಾರೆ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೇವೆ ಅಂದರೆ ಮೊದಲು ಬಾಳೆ ನೆಡಬೇಕು, ಸೌದೆ ಒಟ್ಟಬೇಕು ಅನ್ನುವ ಲೆಕ್ಕ. ದಿನ ಬಂದಾಗ ಹೋಗುವವರು ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೈ ಎಲ್ಲವನ್ನೂ ಬರುವವರ ಕೈಗೆ ಕೊಡುತ್ತಾರೆ. ಮತ್ತೆ ತಮ್ಮ ಸರದಿ ಬರಲು ಹದಿನಾಲ್ಕು ವರ್ಷ. ಅಷ್ಟು ವರ್ಷ ಅವರು ಸುಮ್ನೆ ಕೂರುವುದಿಲ್ಲ. ಓದು, ಪಾಠ, ಸಂಚಾರ, ಬೇರೆ ಮಠದ ಪರ್ಯಾಯಕ್ಕೆ ನೆರವು, ಎಲ್ಲ ಇರುತ್ತದೆ. ಅಧಿಕಾರ ಹೋಯಿತು, ಕೆಲಸ ಹೋಗಲಿಲ್ಲ. ಪರ್ಯಾಯದಲ್ಲಿ ಜಗಳ ಆಗಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೂ ಐನೂರು ವರ್ಷ ಒಂದು ವ್ಯವಸ್ಥೆ ಹೀಗೆ ಕೈಯಿಂದ ಕೈಗೆ ಬಂದಿದೆ ಅಂದರೆ, ನಮ್ಮ ಬೀದಿಯ ಗಣಪತಿ ದೇವಸ್ಥಾನದ ಖಜಾಂಚಿ ಒಂದು ಬೀರುವಿನ ಕೀಲಿ ಬಿಟ್ಟುಕೊಡಲು ಇಷ್ಟು ಯಾಕೆ ಒದ್ದಾಡಬೇಕು?

ಹೀಗೆ ಮಾತಾಡಿದರೆ ಕೆಲವರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯ ಉದಾಹರಣೆ ಕೊಡುತ್ತಾರೆ. 2019ರ ಜನವರಿಯಲ್ಲಿ ಶಿವೈಕ್ಯರಾದಾಗ ಅವರಿಗೆ 111 ವರ್ಷ. ನೂರು ದಾಟಿದ ಮೇಲೂ ಪೂಜೆ, ದಾಸೋಹ, ಮಕ್ಕಳ ಪ್ರಾರ್ಥನೆ ಬಿಡಲಿಲ್ಲ. ಅಂಥವರನ್ನು ಕಂಡ ಪುಣ್ಯ ನಮ್ಮ ತಲೆಮಾರಿನದು. ಆದರೆ ದಯವಿಟ್ಟು ನಮ್ಮನ್ನು ಅವರ ಪಕ್ಕ ನಿಲ್ಲಿಸಿ ಅಳೆಯಬೇಡಿ. ಎಪ್ಪತ್ತಕ್ಕೇ ಕಣ್ಣು ಮಂಜಾದವರು, ಮರೆವು ಶುರುವಾದವರು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು ನಮ್ಮಲ್ಲಿ ಇದ್ದಾರೆ. ಕೆಲಸ ಮಾಡಿದರಷ್ಟೇ ಮರ್ಯಾದೆ ಅಂತ ಆಗಿಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು?

ಇದನ್ನು ನಾನು ನಮ್ಮ ಭಜನಾ ಮಂಡಳಿಯಲ್ಲೇ ಕಂಡಿದ್ದೇನೆ. ಅಂದು ತಾಳ ಕೊಟ್ಟ ಅಮ್ಮನಿಗೆ ಆಮೇಲೆ ಹಾಡಿನ ಸಾಲು ಮರೆಯತೊಡಗಿತು. ಆಗ ಅವರು ಶ್ರುತಿಪೆಟ್ಟಿಗೆ ಹಿಡಿದು ಕೂತರು. ಕೊನೆಗೆ ಅದೂ ಆಗಲಿಲ್ಲ. ಹಾಸಿಗೆ ಹಿಡಿದರು. ನಾವು ತಿಂಗಳಿಗೊಂದು ಶುಕ್ರವಾರ ಅವರ ಮನೆಯಲ್ಲೇ ಭಜನೆ ಇಟ್ಟುಕೊಂಡೆವು. ದಾಸರ ಪದ ಹಾಡಿದಾಗ ಅವರ ತುಟಿ ಅಲುಗುತ್ತಿತ್ತು. ಎರಡನೆಯ ನುಡಿಯನ್ನು ನಾವು ತಪ್ಪಾಗಿ ಹಾಡಿದಾಗ ಹುಬ್ಬು ಗಂಟಿಕ್ಕುತ್ತಿದ್ದರು! ಮಂಡಳಿಯಲ್ಲಿ ಅವರ ಕೆಲಸ ಕಡೆಗೆ ಅದೇ ಆಗಿತ್ತು, ನಮ್ಮನ್ನು ತಿದ್ದುವುದು. ನಾನು ‘ಕೆಲಸ ಕೊಡಿ’ ಅನ್ನುವಾಗ ಇಂಥದ್ದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅರುವತ್ತಕ್ಕೆ ಬಡಿಸುವ ಕೆಲಸ, ಎಪ್ಪತ್ತಕ್ಕೆ ಲೆಕ್ಕ ನೋಡುವ ಕೆಲಸ, ಎಂಬತ್ತಕ್ಕೆ ಕೂತು ಹೇಳಿಕೊಡುವ ಕೆಲಸ. ದೇಹ ಬದಲಾದ ಹಾಗೆ ಕೆಲಸವೂ ಬದಲಾಗಲಿ.

ಮಸೀದಿ, ಚರ್ಚು, ಬಸದಿ ನಡೆಸುವವರೂ ಇದನ್ನು ಓದಿದರೆ ಸಂತೋಷ. ಅಲ್ಲಿನ ಒಳಗಿನ ಸಂಗತಿ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ದೇವರ ಗೊಡವೆಯೇ ಬೇಡ ಅನ್ನುವ ಗೆಳೆಯರೂ ನನಗಿದ್ದಾರೆ. ಒಬ್ಬರು ದಿನಾ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಪೇಪರುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಬರುತ್ತಾರೆ. ಸಂಬಳ ಇಲ್ಲ, ಯಾರೂ ಹೇಳಿಲ್ಲ. ಅವರ ದೇವಸ್ಥಾನ ಅದು. ನನಗೆ ಅದರಲ್ಲಿ ತಕರಾರು ಇಲ್ಲ.

ಇನ್ನು ನೇರವಾಗಿ ಕೇಳುವುದು. ಇಲಾಖೆಯವರೇ, ಸಾಲಿನ ಬಗ್ಗೆ ಆದೇಶ ಮಾಡಿದ ಹಾಗೆ ಇನ್ನೊಂದು ಆದೇಶ ಮಾಡಿ. ಪ್ರತಿ ದೇವಸ್ಥಾನದಲ್ಲಿ ಹಿರಿಯರು ಸೇವೆಗೆ ಹೆಸರು ಕೊಡಲು ಒಂದು ಪುಸ್ತಕ ಇಡಿ. ಏನು ಕೊಡುತ್ತೀರಿ ಅನ್ನುವ ಕಾಲಂ ಬೇಡ, ಏನು ಬರುತ್ತದೆ ಅನ್ನುವ ಕಾಲಂ ಇರಲಿ. ಮೆಟ್ಟಿಲಿಗೆ ಹಿಡಿಕೆ ಹಾಕಿಸಿ. ಶೌಚಾಲಯವನ್ನು ಹತ್ತಿರ ಕಟ್ಟಿಸಿ, ಅದಕ್ಕೆ ಬೀಗ ಹಾಕಬೇಡಿ. ನಮ್ಮ ವಯಸ್ಸಿನ ಅರ್ಧ ಜನ ಸಂಜೆ ಹೊರಗೆ ಬರದೇ ಇರುವುದು ಭಕ್ತಿ ಕಡಿಮೆಯಾಗಿ ಅಲ್ಲ, ಈ ಒಂದು ಕಾರಣಕ್ಕೆ. ಗ್ರಾನೈಟ್ ಹಾಸುವ ಮೊದಲು ಒಮ್ಮೆ ಯೋಚನೆ ಮಾಡಿ. ಅಭಿಷೇಕದ ನೀರು ಬಿದ್ದರೆ ಅದು ಜಾರುತ್ತದೆ, ಬಿದ್ದರೆ ಸೊಂಟ ಮುರಿಯುತ್ತದೆ. ಹಳೆಯ ಒರಟು ಕಲ್ಲೇ ನಮಗೆ ಒಳ್ಳೆಯದಿತ್ತು.

ಸಮಿತಿಯವರೇ, ನಿಮ್ಮ ಸಭೆಯನ್ನು ರಾತ್ರಿ ಎಂಟೂವರೆಗೆ ಇಡಬೇಡಿ. ಸಂಜೆ ಐದಕ್ಕೆ ಇಡಿ, ಬೋರ್ಡಿನ ಮೇಲೆ ಒಂದು ವಾರ ಮೊದಲೇ ಬರೆಯಿರಿ. ವಾಟ್ಸಾಪಿನಲ್ಲಿ ಹಾಕಿದ್ದೇವಲ್ಲ ಅನ್ನಬೇಡಿ. ಅದರಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಯಾವ ನೋಟಿಸೂ ಕಾಣುವುದಿಲ್ಲ. ಅವಧಿ ಮುಗಿದವರು ಹೊಸಬರ ಪಕ್ಕ ಕೂತು ಆರು ತಿಂಗಳು ಕೆಲಸ ಕಲಿಸಿ ಕೊಡಲಿ.

ನಮ್ಮ ದೇವಸ್ಥಾನದ ಮುಂದಿನ ಸಂತರ್ಪಣೆ ಕಾರ್ತಿಕದಲ್ಲಿ. ನಾನು ಈಳಿಗೆಮಣೆ ಮನೆಯಿಂದಲೇ ತರುತ್ತೇನೆ. ಬೀನ್ಸ್ ಸಣ್ಣಗೆ ಹೆಚ್ಚುವುದು ಹೇಗೆ ಅಂತ ಬೇಕಾದವರಿಗೆ ತೋರಿಸುತ್ತೇನೆ. ಕುರ್ಚಿ ಹಾಕಿದರೆ ಬೇಡ ಅನ್ನುವುದಿಲ್ಲ, ಅದರ ಮುಂದೆ ಒಂದು ಮೇಜೂ ಇರಲಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಶಿಕ್ಷಕಿ
ಶಿವಮೊಗ್ಗ ಜಿಲ್ಲೆ